ಹಳೆಯ ಜೋಡುನಳಿಗೆಯ ಕೋವಿ



ಕೋವಿಯ ವಿಷಯವಾಗಿ ಮಾತನಾಡುತ್ತೇವೆಂದೊಡನೆ ತಮ್ಮಲ್ಲಿ ಕೆಲವರಿಗೆ ಬೇಟೆಯ ಕಥೆ ಕೇಳುವ ಕುತೂಹಲ ಹುಟ್ಟಬಹುದು; ಮತ್ತೆ ಕೆಲವರಿಗೆ, ಮನೆಮಂದಿಯೆಲ್ಲ ಕುಳಿತು ಕೇಳುವ ಹೊತ್ತಿನಲ್ಲಿ ಇದೆಂಥ ವಿಷಯವೆಂದು ಬೇಸರವೂ ಆಗಬಹುದು. ಇಬ್ಬರಿಗೂ ಮೊದಲೇ ಹೇಳಿಬಿಡುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ನಮ್ಮ ದೇಶದಲ್ಲಿ ವಿನೋದಕ್ಕಾಗಿ ಬೇಟೆಯಾಡುವ ಕಾಲ ಮುಗಿಯಿತು; ಮುಗಿದುದು ನ್ಯಾಯವೂ ಹೌದು. ಆದರೆ ಕೋವಿಗಳು ಉಳಿದಿವೆ. ತೋಟದ ಮನೆಗಳಲ್ಲಿ ಇವೆ, ಗುರಿಯಭ್ಯಾಸದ ಸಂಘಗಳಲ್ಲಿ ಇವೆ, ಅಜ್ಜನಿಂದ ಮೊಮ್ಮಗನಿಗೆ ಬಂದ ಪೆಟ್ಟಿಗೆಗಳಲ್ಲಿ ಇವೆ. ಇವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಮಾರಾಟವಾಗುತ್ತಲೂ ಇವೆ. ಹೀಗೆ ಕೈ ಬದಲಾಯಿಸುವ ಹಳೆಯ ಜೋಡುನಳಿಗೆಯ ಕೋವಿಯನ್ನು ಕೊಳ್ಳುವವರು ಏನನ್ನು ನೋಡಿ ಕೊಳ್ಳಬೇಕು, ಕೊಂಡ ಮೇಲೆ ಅದಕ್ಕೆ ತಮ್ಮ ಮೈಯನ್ನು ಹೇಗೆ ಒಗ್ಗಿಸಿಕೊಳ್ಳಬೇಕು ಎಂಬ ಎರಡು ಮಾತುಗಳನ್ನೇ ನಾವು ಈ ಹೊತ್ತು ವಿಚಾರ ಮಾಡತಕ್ಕವರು.

ವಿಷಯ ಅಲ್ಪವೆಂದು ತೋರಬಹುದು, ಆದರೆ ಅಲ್ಪವಲ್ಲ. ತೋಟಾ ಸಿಡಿದ ಕ್ಷಣದಲ್ಲಿ ನಳಿಗೆಯೊಳಗೆ ಚದರಂಗುಲಕ್ಕೆ ಕೆಲವು ಟನ್ನುಗಳ ಒತ್ತಡ ಏಳುತ್ತದೆ. ಆ ಒತ್ತಡಕ್ಕೂ ಹಾರಿಸುವವನ ಎಡಗೈಗೂ ನಡುವೆ ಇರುವುದು ತೆಳುವಾದ ಉಕ್ಕಿನ ಒಂದು ಗೋಡೆ ಮಾತ್ರ. ಕಣ್ಣೂ ಅಲ್ಲಿಂದ ಬಹಳ ದೂರದಲ್ಲಿಲ್ಲ. ಹಳೆಯ ಮೇಜನ್ನೋ ಹಳೆಯ ಗಡಿಯಾರವನ್ನೋ ನೋಡದೆ ಕೊಂಡರೆ ಹೋಗುವುದು ಹಣ. ಹಳೆಯ ಕೋವಿಯನ್ನು ನೋಡದೆ ಕೊಂಡರೆ ಹೋಗುವುದು ಹಣವೊಂದೇ ಅಲ್ಲ.

ನಮ್ಮ ನಾಡಿನಲ್ಲಿ ಕೋವಿಯು ಬರಿಯ ಆಯುಧವಲ್ಲವೆಂಬುದನ್ನು ಬಲ್ಲಿರಿ. ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯ ಕಟ್ಟುತ್ತಾರೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸಿ ಊರಿಗೆ ತಿಳಿಸುವುದು ಅಲ್ಲಿಯ ಸಂಪ್ರದಾಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷ, ಎಂದರೆ 2029ರ ವರೆಗೆ, ಮುಂದುವರಿಸಿತು. ಉಳಿದವರೆಲ್ಲ 1959ರ ಆಯುಧ ಕಾಯಿದೆಗೆ ಒಳಪಟ್ಟವರು. ಲೈಸೆನ್ಸಿಲ್ಲದೆ ಕೋವಿಯನ್ನು ಮುಟ್ಟುವಂತಿಲ್ಲ. 2019ರ ತಿದ್ದುಪಡಿಯ ತರುವಾಯ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳುವಂತಿಲ್ಲ. ಮಾರುವವರು ತಮ್ಮ ಉದ್ದೇಶವನ್ನೂ ಕೊಳ್ಳುವವರ ಹೆಸರು ವಿಳಾಸಗಳನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೊಲೀಸು ಠಾಣೆಗೆ ಬರೆದು ತಿಳಿಸಿ, 45 ದಿನ ಕಳೆದ ಮೇಲೆಯೇ ಕೋವಿಯನ್ನು ಕೊಡಬಹುದು. ಈ 45 ದಿನಗಳನ್ನು ಹಲವರು ಪೀಡೆಯೆಂದು ಎಣಿಸುತ್ತಾರೆ. ನಮ್ಮ ಮಟ್ಟಿಗೆ ಅದು ವರವೇ. ಬಯಕೆ ತಣಿದು ಬುದ್ಧಿ ತಿಳಿಯಾಗುವುದಕ್ಕೂ, ಕೆಲಸ ಬಲ್ಲ ಕೋವಿ ರಿಪೇರಿಯವರಿಗೆ ಆ ವಸ್ತುವನ್ನು ತೋರಿಸುವ ಏರ್ಪಾಟು ಮಾಡುವುದಕ್ಕೂ ಅದು ಅವಕಾಶ.

ಈ ಕೋವಿಯ ವಂಶವನ್ನು ಸ್ವಲ್ಪ ತಿಳಿದುಕೊಳ್ಳುವುದು ಉಚಿತ. ಬಾಯಿಂದ ಮದ್ದು ತುಂಬುತ್ತಿದ್ದ ಕೋವಿಯ ಕಾಲ ಹೋಗಿ, ನಡು ಮುರಿದು ಹಿಂದಿನಿಂದ ತೋಟಾ ಇಡುವ ಕೋವಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆಯಿತು. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಹೊರಗಿನ ಕುದುರೆಗಳನ್ನು ತೆಗೆದುಹಾಕಿ, ಯಂತ್ರವನ್ನೆಲ್ಲ ಒಂದು ಪೆಟ್ಟಿಗೆಯೊಳಗೆ ಅಡಗಿಸಿದರು. ಇಂದಿಗೂ ತಯಾರಾಗುವ ಜೋಡುನಳಿಗೆಯ ಕೋವಿಗಳಲ್ಲಿ ಬಹುಪಾಲು ಆ ಮಾದರಿಯ ಸಂತಾನವೇ. ಹನ್ನೆರಡರ ಕೋವಿ ಎನ್ನುತ್ತೇವಷ್ಟೆ. ನಳಿಗೆಯ ಅಳತೆಗೆ ಸರಿಯಾದ ಸೀಸದ ಗುಂಡುಗಳನ್ನು ಎರಕ ಹೊಯ್ದರೆ ಒಂದು ಪೌಂಡಿಗೆ ಹನ್ನೆರಡು ತೂಗುತ್ತವೆಂಬುದೇ ಆ ಅಂಕಿಯ ಅರ್ಥ. ಆದುದರಿಂದಲೇ ಇಪ್ಪತ್ತರ ಕೋವಿಯ ನಳಿಗೆ ಹನ್ನೆರಡರದಕ್ಕಿಂತ ಸಣ್ಣದು.

ಇನ್ನು ಪರೀಕ್ಷೆಗೆ ಬರೋಣ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆಂದು ಗಾದೆಯುಂಟು. ಹಣ ಕೊಟ್ಟು ಕೊಳ್ಳುವ ಕೋವಿಯ ಹಲ್ಲನ್ನು ಎಣಿಸಲೇ ಬೇಕು. ಕೈಗೆ ತೆಗೆದುಕೊಂಡೊಡನೆ ಮಾಡಬೇಕಾದ ಮೊದಲ ಕೆಲಸ ಅದನ್ನು ಮುರಿದು ತೋಟಾ ಇಲ್ಲವೆಂದು ಕಣ್ಣಾರೆ ನೋಡುವುದು. ಕೊಟ್ಟವರು ಎಷ್ಟೇ ದೊಡ್ಡವರಾಗಿರಲಿ, ಇದಕ್ಕೆ ದಾಕ್ಷಿಣ್ಯ ಸಲ್ಲದು. ಆಮೇಲೆ ನಳಿಗೆಗಳನ್ನು ಕಳಚಿ, ಕೊಕ್ಕೆಯ ಬಳಿ ಒಂದು ಬೆರಳಿನಿಂದ ತೂಗಾಡಿಸಿ, ಉಗುರಿನಿಂದ ತಟ್ಟಬೇಕು. ದೇವಾಲಯದ ಗಂಟೆಯಂತೆ ತಿಳಿಯಾದ ನಾದ ಹೊರಟರೆ ಎರಡು ನಳಿಗೆಗಳನ್ನೂ ಕೂಡಿಸಿದ ಬೆಸುಗೆ ಗಟ್ಟಿಯಾಗಿದೆ. ಒಡೆದ ಮಡಕೆಯಂತೆ ಸದ್ದಾದರೆ ಬೆಸುಗೆ ಬಿಟ್ಟಿದೆ.

ನಳಿಗೆಗಳನ್ನು ಕಿಟಕಿಯ ಕಡೆಗೆ ಹಿಡಿದು ಒಳಗೆ ನೋಡಿ. ಬೆಳಕಿನ ಅಂಚಿನ ನೆರಳುಗೆರೆಯು ಒಂದು ತುದಿಯಿಂದ ಇನ್ನೊಂದು ತುದಿಯ ವರೆಗೆ ನೇರವಾಗಿ ಓಡಬೇಕು. ನಡುವೆ ಎಲ್ಲಿಯಾದರೂ ಗೆರೆ ಡೊಂಕಾದರೆ ಅಲ್ಲಿ ತಗ್ಗು. ಉಂಗುರದಂತೆ ಸುತ್ತಿಕೊಂಡರೆ ಅಲ್ಲಿ ಉಬ್ಬು. ತಗ್ಗನ್ನು ಬಲ್ಲವರು ಎತ್ತಿ ಸರಿಪಡಿಸಬಲ್ಲರು. ಉಬ್ಬಿದ ನಳಿಗೆಯನ್ನು ಸಾಧಾರಣ ಗೃಹಸ್ಥರು ಬಿಟ್ಟುಬಿಡುವುದೇ ಲೇಸು. ಒಳಗೆ ಕಪ್ಪು ಚುಕ್ಕೆಗಳು ಕಂಡರೆ ತುಕ್ಕು ತಿಂದ ಗುಳಿಗಳು. ಅವನ್ನು ತಿಕ್ಕಿ ಹೊಳಪು ಮಾಡಿ ಮಾರುವವರುಂಟು. ಹಾಗೆ ತಿಕ್ಕಿದಷ್ಟೂ ಗೋಡೆ ತೆಳುವಾಗುತ್ತದೆ. ಆದುದರಿಂದ ಬಹಳ ಹೊಳೆಯುವ ಹಳೆಯ ನಳಿಗೆಯನ್ನು ಕಂಡರೆ ಸಂತೋಷಪಡುವುದರ ಬದಲು ಅದರ ದಪ್ಪವನ್ನು ಅಳೆಯಿಸುವುದು ವಿವೇಕ.

ತರುವಾಯ ಮುಂಗೈಮರವನ್ನು ತೆಗೆದಿಟ್ಟು, ನಳಿಗೆಗಳನ್ನು ಯಂತ್ರಕ್ಕೆ ಜೋಡಿಸಿ ಮುಚ್ಚಿ, ಅಲುಗಾಡಿಸಿ ನೋಡಬೇಕು. ಗಟಗಟ ಎಂದರೆ ಸಂದು ಸವೆದಿದೆ. ಮೇಲಿನ ಸನ್ನೆಯ ತುದಿಯು ಹೊಸ ಕೋವಿಯಲ್ಲಿ ನಡುಗೆರೆಯಿಂದ ತುಸು ಬಲಕ್ಕೆ ನಿಲ್ಲುತ್ತದೆ. ಬಳಸಿ ಬಳಸಿ ಸವೆದಂತೆಲ್ಲ ಎಡಕ್ಕೆ ಸರಿಯುತ್ತದೆ. ಯಂತ್ರವೂ ಮರವೂ ಕೂಡುವ ಸ್ಥಳದಲ್ಲಿ ಕೂದಲೆಳೆಯಂಥ ಬಿರುಕಿದೆಯೇ ಎಂದು ನೋಡಬೇಕು. ಅಲ್ಲಿ ಎಣ್ಣೆ ಕುಡಿದು ಕಪ್ಪಾದ ಮರವು ಬೇಗ ಸೀಳುತ್ತದೆ. ಟ್ರಿಗ್ಗರುಗಳನ್ನು ಪರೀಕ್ಷಿಸುವಾಗ ಬರಿದಾದ ಕೋವಿಯಲ್ಲಿ ಟಿಕ್ಕೆನ್ನಿಸದೆ ಹುಸಿ ತೋಟಾಗಳನ್ನು ಇಟ್ಟುಕೊಳ್ಳಬೇಕು.

ಇಷ್ಟೆಲ್ಲ ಸರಿಯಿದ್ದರೂ ಕಣ್ಣಿಗೆ ಕಾಣದ ಒಂದು ಅಪಾಯ ಉಳಿದಿದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕಕ್ಕೆ ತೋಟಾದ ಮನೆಯ ಉದ್ದ ಎರಡೂವರೆ ಅಂಗುಲ, ಎಂದರೆ 65 ಮಿಲಿಮೀಟರು. ಇಂದು ಅಂಗಡಿಯಲ್ಲಿ ಸಿಕ್ಕುವ ತೋಟಾ ಸಾಮಾನ್ಯವಾಗಿ 70 ಮಿಲಿಮೀಟರಿನದು. ಈ ಅಂಕಿಯು ಹಾರಿದ ಮೇಲಿನ ಉದ್ದವೇ ಹೊರತು ಹಾರುವ ಮುಂಚಿನದಲ್ಲ. ಮಡಿಚಿದ ಬಾಯಿಯ ಹೊಸ ತೋಟಾ ಗಿಡ್ಡವಾಗಿದ್ದು ಹಳೆಯ ಮನೆಯೊಳಗೆ ಸಲೀಸಾಗಿ ಕೂರುತ್ತದೆ. ಕುಳಿತಿತಲ್ಲಾ ಎಂದು ನಂಬಿ ಹಾರಿಸಿದರೆ, ಬಿಚ್ಚಿಕೊಂಡ ಬಾಯಿ ಮುಂದಿನ ಇಕ್ಕಟ್ಟಿಗೆ ಸಿಕ್ಕಿ ದಾರಿ ಕಿರಿದಾಗಿ, ಒತ್ತಡ ಏರುತ್ತದೆ. ಬಾಗಿಲು ತೆರೆಯಿತೆಂದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ. ಇದನ್ನು ತಿಳಿಯಲು ನಳಿಗೆಯ ಕೆಳಗಡೆ ಹೊಡೆದಿರುವ ಪರೀಕ್ಷಾಮುದ್ರೆಗಳನ್ನು ಓದಬೇಕು. ಲಂಡನ್ನಿನಲ್ಲಿಯೂ, 1813ರ ಕಾಯಿದೆಯಿಂದ ಬರ್ಮಿಂಗ್‌ಹ್ಯಾಮಿನಲ್ಲಿಯೂ ಇದಕ್ಕಾಗಿಯೇ ಪರೀಕ್ಷಾಗೃಹಗಳಿವೆ. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ, ಕಬ್ಬಿಣ ಉಕ್ಕುಗಳ ಎಳೆಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಯಾದರೆ, ಅದರ ಚಿತ್ತಾರ ಎಷ್ಟೇ ಮನೋಹರವಾಗಿರಲಿ, ಇಂದಿನ ತೋಟಾವನ್ನು ಅದರಲ್ಲಿ ಇಡಬಾರದು. ಗೋಡೆಯ ಮೇಲೆ ತೂಗಿದರೆ ಅದಕ್ಕೂ ಗೌರವ, ನಮಗೂ ಕ್ಷೇಮ.

ಕೋವಿ ಗಟ್ಟಿಯೆಂದು ಗೊತ್ತಾಯಿತು, ಮನೆಗೆ ತಂದೆವು. ಈಗ ಎರಡನೆಯ ಮಾತು. ಇಂದಿನ ಗುರಿಯಭ್ಯಾಸದ ಮೈದಾನಗಳಲ್ಲಿ ಕಲಿತವರ ಕೈ ಒಗ್ಗಿರುವುದು ನಳಿಗೆಗಳು ಒಂದರ ಮೇಲೊಂದು ಕುಳಿತ ಬಂದೂಕಿಗೆ. ಅಂಥದರಿಂದ ಅಕ್ಕಪಕ್ಕದ ಜೋಡುನಳಿಗೆಗೆ ಬಂದವರಿಗೆ ಮೊದಮೊದಲು ಎಲ್ಲವೂ ಅಪರಿಚಿತ. ಅಲ್ಲಿ ಕಣ್ಣೆದುರಿಗೆ ಕಿರಿದಾದ ಒಂದು ಪಟ್ಟಿ. ಇಲ್ಲಿ ಅಗಲವಾದ ಜೋಡಿ ನಳಿಗೆ. ಅಲ್ಲಿ ಎಡಗೈಗೆ ದಪ್ಪನೆಯ ಮರ. ಇಲ್ಲಿ ತೆಳುವಾದ ಚಕ್ಕೆ. ಅಲ್ಲಿ ಪ್ರಾಯಶಃ ಒಂದೇ ಟ್ರಿಗ್ಗರು, ಇಲ್ಲಿ ಎರಡು. ಅಲ್ಲದೆ ಅಕ್ಕಪಕ್ಕದ ನಳಿಗೆಗಳು ಈಡು ಹಾರುವಾಗ ತುಸು ಕೆಳಕ್ಕೆ ಬಾಗುವುದರಿಂದ, ಹಳೆಯ ಅಭ್ಯಾಸದಲ್ಲಿಯೇ ಹೊಡೆದವರ ಚರೆಗಳು ಗುರಿಯ ಕೆಳಗೆ ಹೋಗುವುದುಂಟು. ಕೂಡಲೆ ಅವರು ಕೋವಿಯನ್ನು ಬಯ್ಯುತ್ತಾರೆ.

ಬಯ್ಯುವುದಕ್ಕೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದು: ಕೋವಿಯು ನಮಗೆ ಹೊಂದಬೇಕೋ, ನಾವು ಕೋವಿಗೆ ಹೊಂದಬೇಕೋ? ಎರಡೂ ನಡೆಯಬೇಕೆಂಬುದೇ ನಮ್ಮ ಉತ್ತರ. ಆದರೆ ಕ್ರಮ ತಪ್ಪಬಾರದು. ಮೊದಲು ಮರ ನಮಗೆ ಹೊಂದಬೇಕು. ಹಿಂಬದಿಯ ಮರದ ಉದ್ದ, ಅದರ ಇಳಿತ, ಬಲಗೈಯವರಿಗೆ ಬಲಕ್ಕೂ ಎಡಗೈಯವರಿಗೆ ಎಡಕ್ಕೂ ಅದು ಬಾಗಿರಬೇಕಾದ ಓರೆ, ಇವು ಹಿಂದಿನ ಯಜಮಾನರ ಮೈಕಟ್ಟಿಗೆ ಮಾಡಿದವು. ಪರರ ಜುಬ್ಬವನ್ನು ತೊಟ್ಟಂತೆ ಅದು ನಮಗೆ ಎಲ್ಲೋ ಬಿಗಿ, ಎಲ್ಲೋ ಸಡಿಲ. ಅಳತೆಯ ಉಪಾಯ ಸುಲಭ. ಸುರಕ್ಷಿತವಾದ ಬಯಲಿನಲ್ಲಿ, ಹಿಂದೆ ಮಣ್ಣಿನ ದಿಬ್ಬವಿರುವಂತೆ, 16 ಗಜ ದೂರದಲ್ಲಿ ದೊಡ್ಡ ಕಾಗದವನ್ನು ಕಟ್ಟಿ, ನಡುವೆ ಒಂದು ಚುಕ್ಕೆಯಿಟ್ಟು, ಕೋವಿಯನ್ನು ಭುಜಕ್ಕೇರಿಸಿದೊಡನೆ ಗುರಿ ನಿಧಾನಿಸದೆ ಹೊಡೆಯಬೇಕು. ಹಲವು ಈಡುಗಳ ನಡುತಾಣವು ಚುಕ್ಕೆಯಿಂದ ಒಂದು ಅಂಗುಲ ಸರಿದಿದ್ದರೆ ಮರದಲ್ಲಿ ಅಂಗುಲದ ಹದಿನಾರನೆಯ ಒಂದು ಪಾಲು ತಿದ್ದಿದರೆ ಸಾಕು.

ಮರ ಹೊಂದಿದ ಮೇಲೆ ಮೈ ಹೊಂದಬೇಕು. ಎಡಗೈಯನ್ನು ಆ ಚಕ್ಕೆಯ ಮೇಲಲ್ಲ, ಅದರ ಮುಂದೆ ನಳಿಗೆಗಳ ಮೇಲೆಯೇ ಇಡುವುದು ಈ ಕೋವಿಯ ಪದ್ಧತಿ. ಬಿಸಿ ತಾಕದಂತೆ ಚರ್ಮದ ಕೈಗಾಪು ಹಾಕುತ್ತಾರೆ. ಮುಂದಿನ ಟ್ರಿಗ್ಗರು ಸಾಮಾನ್ಯವಾಗಿ ಬಲ ನಳಿಗೆಯದು, ಬಾಯಿ ಅಗಲವಾದದ್ದು. ಹಿಂದಿನದು ಎಡ ನಳಿಗೆಯದು, ಬಾಯಿ ಬಿಗಿದದ್ದು. ಪೂರ್ಣ ಬಿಗಿತದ ನಳಿಗೆಯು 40 ಗಜದಲ್ಲಿ 30 ಅಂಗುಲದ ವೃತ್ತದೊಳಕ್ಕೆ ಚರೆಗಳಲ್ಲಿ ನೂರಕ್ಕೆ ಸುಮಾರು 70ನ್ನು ಸೇರಿಸುತ್ತದೆ; ಬಿಗಿತವಿಲ್ಲದ್ದು ಸುಮಾರು 40ನ್ನು. ಹತ್ತಿರಕ್ಕೆ ಒಂದು, ದೂರಕ್ಕೆ ಒಂದು; ಆಯ್ಕೆ ಬೆರಳ ತುದಿಯಲ್ಲಿಯೇ ಇದೆ. ಎರಡು ಟ್ರಿಗ್ಗರುಗಳ ಗುಣವೇ ಇದು. ಆದರೆ ಎರಡು ಬೆರಳುಗಳನ್ನು ಎರಡರ ಮೇಲೂ ಇಡುವ ದುರಭ್ಯಾಸ ಸಲ್ಲದು. ಒಂದೇ ಬೆರಳು ಮುಂದಿನಿಂದ ಹಿಂದಕ್ಕೆ ಸರಿಯಬೇಕು. ಮನೆಯಲ್ಲಿ ಹುಸಿ ತೋಟಾ ಇಟ್ಟು, ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ ಕೋವಿಯನ್ನು ಕೆನ್ನೆಗೆ ತರುವ ಸಾಧನೆ ನಡೆಯಿಸಿದರೆ, ಅಗಲವಾದ ಆ ನಳಿಗೆಗಳು ಕಣ್ಣಿಗೆ ಅಡ್ಡಬರುವುದು ತಾನಾಗಿ ನಿಲ್ಲುತ್ತದೆ. ಆಗ ಕಣ್ಣು ನೋಡುವುದು ಗುರಿಯನ್ನು ಮಾತ್ರ.

ತೂಕದ ವಿಷಯವಾಗಿ ಒಂದು ಮಾತು. ಬರ್ಮಿಂಗ್‌ಹ್ಯಾಮಿನ ಹೆಸರಾಂತ ಕೋವಿಗಾರ ಗ್ರೀನರ್ ಹಾಕಿಕೊಟ್ಟ ಲೆಕ್ಕದಂತೆ ಕೋವಿಯು ತಾನು ಹಾರಿಸುವ ಚರೆಯ 96ರಷ್ಟು ತೂಗಬೇಕು. ಒಂದು ಔನ್ಸಿನ ಚರೆಗೆ ಆರು ಪೌಂಡಿನ ಕೋವಿ. ಹಗುರವಾದ ಹಳೆಯ ಕೋವಿಗೆ ಭಾರವಾದ ತೋಟಾ ತುಂಬಿದರೆ ಭುಜ ನೋಯುವುದೊಂದು, ಮುದಿ ಸಂದುಗಳು ಸಡಿಲುವುದು ಇನ್ನೊಂದು.

ಕಡೆಯದಾಗಿ, ಹಳೆಯ ಕೋವಿಯನ್ನು ಕೊಳ್ಳುವುದೆಂದರೆ ಒಂದು ವಸ್ತುವನ್ನು ಕೊಳ್ಳುವುದಷ್ಟೇ ಅಲ್ಲ, ಹಿಂದಿನವರ ಎಚ್ಚರಿಕೆಯನ್ನೂ ಜೊತೆಯಲ್ಲಿ ಪಡೆಯುವುದು. ನೂರು ವರ್ಷ ಹಿಂದೆ ಮಾಡಿದ ಕೋವಿ ಇಂದಿಗೂ ಗಟ್ಟಿಯಾಗಿದ್ದರೆ, ಅದನ್ನು ಒರಸಿ ಎಣ್ಣೆ ಸವರಿ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಟ್ಟವರು ಯಾರೋ ಇದ್ದರೆಂದು ಅರ್ಥ. ಆ ಸಾಲಿನಲ್ಲಿ ನಮ್ಮದು ನಡುವಿನ ಸ್ಥಾನ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ಹಿರಿಯರು. ಹಾರಿದ ಈಡಿಗೂ ಅದೇ ನ್ಯಾಯ. ಸಂಶಯವಿದ್ದ ಕಡೆ ಕೋವಿಯನ್ನು ಮುರಿದು ತೋಟಾ ಹೊರತೆಗೆಯುವ ಕೈಯೇ ಕೋವಿಗೆ ಒಗ್ಗಿದ ಕೈ. ಉಳಿದ ಕುಶಲತೆಗಳೆಲ್ಲ ಅದರ ಹಿಂದೆ ಬರತಕ್ಕವು.