ಕಾಫಿಯ ರುಚಿ ಕಲಿಯುವುದು

ಕಾಫಿಯ ರುಚಿ ಬಲ್ಲೆವೆಂದೇ ನಾವೆಲ್ಲ ನಂಬಿದ್ದೇವೆ. ನಿಜವಾಗಿ ಬಲ್ಲದ್ದು ಬಹುಮಟ್ಟಿಗೆ ಹಾಲು, ಸಕ್ಕರೆ, ಚಿಕೋರಿಗಳ ರುಚಿಯನ್ನು. ಪೊಟ್ಟಣದ ಮೇಲೆ ತಿಳಿಸಿ, ನೂರಕ್ಕೆ 49 ಪಾಲಿನವರೆಗೂ ಚಿಕೋರಿ ಬೆರೆಸಲು ಕಾನೂನು ಒಪ್ಪುತ್ತದೆ.

ಒಂದು ಬೆಳಿಗ್ಗೆ ಹೀಗೆ ಮಾಡಿ ನೋಡಿ. ಚಿಕೋರಿ ಸೇರದ ಅರೇಬಿಕಾ ಒಂದು ಲೋಟಕ್ಕೆ, ರೋಬಸ್ಟಾ ಇನ್ನೊಂದಕ್ಕೆ. ತಲಾ 8 ಗ್ರಾಂ ತರಿಪುಡಿ, 150 ಮಿಲಿಲೀಟರ್ ಬಿಸಿನೀರು. 4 ನಿಮಿಷದ ಮೇಲೆ, ಕಟ್ಟಿದ ಪದರವನ್ನು ಚಮಚದಿಂದ ಒಡೆದು ಮೂಸಿರಿ. ನೊರೆ ತೆಗೆದು, ಸ್ವಲ್ಪ ಆರಿದ ಬಳಿಕ ಸೊರ್ರೆಂದು ಹೀರಿರಿ. ಸದ್ದಿಗೆ ನಾಚಬೇಡಿ, ಪರಿಮಳ ಬಾಯಿಂದ ಮೂಗಿಗೇರಿದರೇ ರುಚಿ ಪೂರ್ಣ.

ಒಂದರಲ್ಲಿ ಹುಳಿಯ ಚುರುಕು, ಇನ್ನೊಂದರಲ್ಲಿ ಕಹಿಯ ಭಾರ. ಒಂಟಿ ಲೋಟ ಇದನ್ನು ಕಲಿಸದು. ಜೋಡಿ ಲೋಟ ಕಲಿಸುತ್ತದೆ. ಕುಡಿಯುವ ನಾವೇ ಭೇದ ಅರಿಯದಿದ್ದರೆ, ಕೊಡಗು, ಚಿಕ್ಕಮಗಳೂರುಗಳಲ್ಲಿ ಒಳ್ಳೆಯ ಬೀಜ ಬೆಳೆದವನ ಶ್ರಮಕ್ಕೆ ಬೆಲೆ ಎಲ್ಲಿಂದ ಬಂದೀತು?