ಮನೆಯ ಬೆಕ್ಕು, ಹೊಟ್ಟೆಯ ಹುಳು

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆಂದು ನಾವು ಹಾಸ್ಯ ಮಾಡುತ್ತೇವೆ. ಬೆಕ್ಕು ಸಾಕುವವರಲ್ಲಿ ಎಷ್ಟೋ ಮಂದಿ ಕಣ್ಣು ಮುಚ್ಚಿಕೊಂಡೇ ಸಾಕುತ್ತೇವೆ ಎಂಬುದು ನನಗೆ ತಿಳಿದದ್ದು ತಡವಾಗಿ.

ನಾನು ಬಾಲಕನಾಗಿದ್ದಾಗ ನಮ್ಮ ಮನೆಯ ಅಟ್ಟದ ಮೇಲೆ ಬೆಕ್ಕೊಂದು ಮೂರು ಮರಿ ಹಾಕಿತ್ತು. ಅವುಗಳಲ್ಲೊಂದಕ್ಕೆ ಡೊಳ್ಳುಹೊಟ್ಟೆ. ಚೆನ್ನಾಗಿ ಹಾಲು ಕುಡಿದಿದೆಯೆಂದು ಹಿಗ್ಗಿ ಅದಕ್ಕೆ ಗಣಪನೆಂದು ಹೆಸರಿಟ್ಟೆವು. ಕಾಲುಗಳು ಮಾತ್ರ ಕಡ್ಡಿಯಾಗಿದ್ದವು, ಕೂದಲು ಹೊಳಪುಗೆಟ್ಟಿತ್ತು. ಒಂದು ದಿನ ಅದು ದಾರದಂಥ ಬಿಳಿಯ ಹುಳುಗಳನ್ನು ವಾಂತಿ ಮಾಡಿತು. ಎರಡೇ ದಿನಗಳಲ್ಲಿ ಸತ್ತುಹೋಯಿತು. ದೃಷ್ಟಿ ತಾಗಿತೆಂದರು ಹಿರಿಯರು.

ತಾಗಿದ್ದು ದೃಷ್ಟಿಯಲ್ಲ, ಜಂತುಹುಳು. ಟಾಕ್ಸೊಕಾರಾ ಕ್ಯಾಟಿ ಎಂಬುದು ಅದರ ಶಾಸ್ತ್ರೀಯ ನಾಮ. ತಾಯಿಯ ಮೈಯಲ್ಲಿರುವ ಇದರ ಮರಿಹುಳುಗಳು ಹಾಲಿನೊಡನೆಯೇ ಮರಿಗಳಿಗೆ ದಾಟಬಲ್ಲವು. ಆದುದರಿಂದಲೇ ಪಶುವೈದ್ಯರು ಮರಿಗೆ 3 ವಾರ ತುಂಬಿದಾಗಿನಿಂದ ಹದಿನೈದು ದಿನಕ್ಕೊಮ್ಮೆ, ಹಾಲು ಬಿಟ್ಟ ಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ ಹುಳುವಿನ ಔಷಧ ಕೊಡಿಸುತ್ತಾರೆ. ಪ್ರಮಾಣವನ್ನು ಮರಿಯ ತೂಕ ನೋಡಿ ಅವರೇ ಹೇಳಬೇಕು. ತಾಯಿಬೆಕ್ಕಿಗೂ ಜೊತೆಯಲ್ಲೇ ಔಷಧ ಬೇಕು.

ಲಾಡಿಹುಳುವಿನ ದಾರಿ ಬೇರೆ. ಮೈ ನೆಕ್ಕಿಕೊಳ್ಳುವಾಗ ಬೆಕ್ಕು ನುಂಗುವ ಚಿಗಟದೊಳಗೆ ಒಂದು ಬಗೆಯದು, ಹಿಡಿದು ತಿನ್ನುವ ಇಲಿಯೊಳಗೆ ಇನ್ನೊಂದು ಬಗೆಯದು ಕಾದಿರುತ್ತದೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಅದೇ ಗುರುತು. ಇದಕ್ಕೆ ಪ್ರಾಜಿಕ್ವಾಂಟೆಲ್ ಒಳ್ಳೆಯ ಔಷಧ. ಆದರೆ ಚಿಗಟವನ್ನು ಹಾಗೆಯೇ ಬಿಟ್ಟು ಹುಳುವಿಗಷ್ಟೇ ಮದ್ದು ಕೊಡುವುದು ತೂತುಕೊಡಕ್ಕೆ ನೀರು ಹೊಯ್ದಂತೆ. ನಾಯಿಯ ಚಿಗಟಕ್ಕೆಂದು ತಂದ ಪರ್ಮೆತ್ರಿನ್ ಮದ್ದನ್ನು ಮಾತ್ರ ಬೆಕ್ಕಿಗೆ ಹಚ್ಚಬಾರದು. ಅದು ಬೆಕ್ಕಿನ ಪ್ರಾಣಕ್ಕೇ ಎರವಾದೀತು.

ಬಹಳ ವರ್ಷಗಳ ಮೇಲೆ ನನ್ನ ಮಗಳು ಬಸುರಿಯಾಗಿ ತವರಿಗೆ ಬಂದಳು. ಮನೆಯಲ್ಲಿದ್ದ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟುಬನ್ನಿರೆಂದು ನೆರೆಯವರು ಹೇಳಿದರು. ಅವರ ಭಯ ನಿರಾಧಾರವಾದುದಲ್ಲ. 1908ರಲ್ಲಿ ಟ್ಯೂನಿಸ್ ನಗರದಲ್ಲಿ ಇಲಿಯ ಜಾತಿಯ ಪ್ರಾಣಿಯೊಂದರಲ್ಲಿ ಕಂಡುಬಂದ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಗರ್ಭದ ಶಿಶುವಿಗೆ ಕೇಡು ಮಾಡಬಲ್ಲದು. ಅದು ಬೆಕ್ಕಿನ ಕರುಳಿನಲ್ಲಿ ವೃದ್ಧಿಯಾಗಿ ಮಲದೊಡನೆ ಹೊರಬೀಳುತ್ತದೆ.

ನಮ್ಮ ವೈದ್ಯರು ಸಮಾಧಾನವಾಗಿ ವಿವರಿಸಿದರು: ಸೋಂಕು ತಗಲಿದ ಬೆಕ್ಕು ಸಾಮಾನ್ಯವಾಗಿ 1ರಿಂದ 3 ವಾರ ಮಾತ್ರ ಅದನ್ನು ಹೊರಹಾಕುತ್ತದೆ. ಹೊರಬಿದ್ದದ್ದು ರೋಗ ಹಬ್ಬಿಸಲು ಕನಿಷ್ಠ ಒಂದು ದಿನವಾದರೂ ಬೇಕು. ಆದುದರಿಂದ ಮಲವನ್ನು ದಿನವೂ ತೆಗೆಯಬೇಕು; ಬಸುರಿ ಆ ಕೆಲಸ ಮಾಡಬಾರದು. ಮಣ್ಣು ಮುಟ್ಟಿದ ಮೇಲೆ ಕೈ ತೊಳೆಯಬೇಕು, ತರಕಾರಿ ತೊಳೆದು ಬಳಸಬೇಕು, ಮಾಂಸ ತಿನ್ನುವವರು ಚೆನ್ನಾಗಿ ಬೇಯಿಸಬೇಕು. ಅರೆಬೆಂದ ಮಾಂಸದಿಂದಲೂ ಈ ರೋಗ ಬರುತ್ತದೆ. ಅದಕ್ಕೆ ಬೆಕ್ಕು ಹೊಣೆಯಲ್ಲ.

ಬೆಕ್ಕು ಮನೆಯಲ್ಲೇ ಉಳಿಯಿತು. ಅದರ ಮಣ್ಣಿನ ತಟ್ಟೆಯನ್ನು ಪ್ರತಿದಿನ ಬೆಳಗ್ಗೆ ಶುಚಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಗಳಿಗೆ ಸುಖಪ್ರಸವವಾಯಿತು.

ಈಗ ಮೊಮ್ಮಗ ಅಂಗಳದ ಮರಳಿನಲ್ಲಿ ಆಡುತ್ತಾನೆ. ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು. ಮಗುವಿನ ಹೊಟ್ಟೆ ಸೇರಿದರೆ ಮರಿಹುಳು ಕಣ್ಣಿಗೂ ಹೋಗಬಹುದು. ಸಂಜೆ ಆಟ ಮುಗಿದೊಡನೆ ಮರಳಿನ ಗುಪ್ಪೆಗೆ ತಗಡು ಮುಚ್ಚುತ್ತೇನೆ. ಅವನ ಕೈ ತೊಳೆಸಿಯೇ ಒಳಗೆ ಕರೆದುಕೊಳ್ಳುತ್ತೇನೆ. ಬೆಕ್ಕು ಜಗುಲಿಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿರುತ್ತದೆ.