ಲೋಟ ತೊಳೆಯುವವನ ಓಟು
(ನಾಂಪಲ್ಲಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮಾಧ್ಯಮಿಕ ಶಾಲೆ ಬಿಟ್ಟು ನೇರವಾಗಿ ಹೊಟೇಲಿನ ಅಡಿಗೆಮನೆ ಸೇರಿದವನು. ಕಾಯಿದೆ ಪಂಡಿತನಲ್ಲ. ಆದರೂ ಸಂವಿಧಾನದ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಏಕೆಂದರೆ ಅದು ಪಂಡಿತರ ಸ್ವತ್ತಲ್ಲ.

ಇಲ್ಲೇ ಪಬ್ಲಿಕ್ ಗಾರ್ಡನ್ಸ್ ಪಕ್ಕದಲ್ಲಿ ವಿಧಾನಸಭೆಯ ಬಿಳಿಯ ಕಟ್ಟಡವಿದೆ. ಅದನ್ನು ನಾವು ದೊಡ್ಡವರ ಮನೆಯೆಂದು ತಿಳಿದಿದ್ದೇವೆ. ಅದು ತಪ್ಪು. ಅಲ್ಲಿಗೆ 119 ಶಾಸಕರನ್ನು ಆರಿಸಿ ಕಳಿಸುವವರು ಜನರು. ಅವರಲ್ಲಿ ಬಹುಮತದ ವಿಶ್ವಾಸ ಇರುವ ತನಕವೇ ಮಂತ್ರಿಮಂಡಲದ ಆಯುಷ್ಯ. ಮಂತ್ರಿಗಳು ಸಭೆಗೆ ಹೊಣೆ, ಸಭೆ ಜನರಿಗೆ ಹೊಣೆ. ಸರ್ಕಾರ ಸಂವಿಧಾನ ಮೀರಿದರೆ ತಡೆಯಲು ಹೈಕೋರ್ಟು ಉಂಟು.

ನಮ್ಮ ಹಿರಿಯರಿಗೆ ಇದಿರಲಿಲ್ಲ. 1948ರ ತನಕ ಇಲ್ಲಿ ನಿಜಾಮರ ಆಳ್ವಿಕೆ. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಮೊದಲ ಮಹಾಚುನಾವಣೆಯಲ್ಲಿ ಕಲಬುರ್ಗಿ, ರಾಯಚೂರು, ಬೀದರಿನ ಕೂಲಿಕಾರರೂ ಓಟು ಹಾಕಿ ಇದೇ ಹೈದರಾಬಾದಿಗೆ ಶಾಸಕರನ್ನು ಕಳಿಸಿದರು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಗಡಿ ಬದಲಾಯಿತು, ಓಟಿನ ಹಕ್ಕು ಉಳಿಯಿತು. ಗಲ್ಲಾದ ಮೇಲೆ ಕುಳಿತವರಿಗೆ ಒಂದು ಓಟು, ಲೋಟ ತೊಳೆಯುವವನಿಗೂ ಒಂದೇ ಓಟು.

ಆದರೆ ನಮ್ಮ ಗತಿ ನೋಡಿ. ಹೆಸರು ಊರಿನ ಪಟ್ಟಿಯಲ್ಲಿ, ದುಡಿಮೆ ಇಲ್ಲಿ. ಎರಡೂ ಕಡೆ ಓಟಿಲ್ಲ! ನಾನು ಮಾಣಿಯಾಗಿದ್ದಾಗ ಒಂದು ಚುನಾವಣೆಯ ದಿನ ರಜೆ ಕೇಳಿದೆ. "ನೀನು ಹಾಕದಿದ್ದರೆ ಸರ್ಕಾರ ಬೀಳುತ್ತದೆಯೇ?" ಎಂದರು ಧಣಿಗಳು. ಎಲ್ಲರೂ ನಕ್ಕರು. ನಾನೂ ನಕ್ಕು ತಟ್ಟೆ ಎತ್ತಿದೆ. ಆ ನಗು ಇಂದಿಗೂ ಚುಚ್ಚುತ್ತದೆ.

ಅಂದು ನನಗೆ ಗೊತ್ತಿರಲಿಲ್ಲ, ಇಂದು ನೀವು ತಿಳಿಯಿರಿ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ 135ಬಿ ಎಂಬ ಕಲಮು ಸೇರಿತು. ಲೋಕಸಭೆ, ವಿಧಾನಸಭೆಗಳ ಮತದಾನದ ದಿನ ಮತದಾರ ಕಾರ್ಮಿಕನಿಗೆ ರಜೆ ಕೊಡಬೇಕು, ಸಂಬಳ ಹಿಡಿಯುವಂತಿಲ್ಲ. ದಿನಗೂಲಿಯವರಿಗೂ ಇದು ಉಂಟು. ಗೈರುಹಾಜರಿಯಿಂದ ಅಪಾಯ ಅಥವಾ ಭಾರಿ ನಷ್ಟ ಆಗುವ ಕೆಲಸಕ್ಕೆ ಮಾತ್ರ ವಿನಾಯಿತಿ. ಮೀರಿದ ಮಾಲೀಕರಿಗೆ 500 ರೂಪಾಯಿ ತನಕ ದಂಡ.

ಇನ್ನು ಪಟ್ಟಿಯ ಮಾತು. 18 ತುಂಬಿದ ಹೊಸಬರು 6ನೇ ನಮೂನೆ ತುಂಬಿ. ಊರಿನ ಪಟ್ಟಿಯಲ್ಲಿದ್ದು ಇಲ್ಲೇ ನೆಲೆಸಿದವರು 8ನೇ ನಮೂನೆ ತುಂಬಿ ಹೆಸರು ವರ್ಗ ಮಾಡಿಸಿ. ಎರಡು ಕಡೆ ಹೆಸರಿಡಬೇಡಿ, ಅದು ಕಾಯಿದೆಗೆ ವಿರುದ್ಧ. ಬರೆಯಲು ಬಾರದವರು ಸಂಘಕ್ಕೆ ಬನ್ನಿ, ಕೂಡಿ ಬರೆಯೋಣ.

ಬಂಧುಗಳೇ, ಸಂಬಳದ ಪಟ್ಟಿಯಲ್ಲಿ ಹೆಸರು ಬಿಟ್ಟರೆ ಅದೇ ದಿನ ಜಗಳಕ್ಕೆ ನಿಲ್ಲುತ್ತೇವೆ. ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಐದು ವರ್ಷ ಸುಮ್ಮನಿರುವುದೇಕೆ?